ಇಲಿ ಬಿದ್ದ ಮನೆ

ಮೈಸೂರು ಸೀಮೆಯ ಪ್ಲೇಗಿನ ಕಥೆ ಸಾಮಾನ್ಯವಾಗಿ 1898ರ ಆಗಸ್ಟ್ ತಿಂಗಳ ಬೆಂಗಳೂರಿನಿಂದ ಶುರುವಾಗುತ್ತದೆ. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಜೊತೆ ರೋಗ ಬಂತು, ಪೇಟೆಯ ಜನ ಚದುರಿದರು, ಮಲ್ಲೇಶ್ವರ, ಬಸವನಗುಡಿ ಬೆಳೆದವು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ಸುಳ್ಳೇನಲ್ಲ. ಆದರೆ ಆ ರೈಲು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಿ ಬರಲಿಲ್ಲವಲ್ಲ. ಅರಸೀಕೆರೆ ದಾಟಿ ತಿಪಟೂರು, ಬಾಣಸಂದ್ರ, ಅಮ್ಮಸಂದ್ರದ ಮೇಲೆ, ತೆಂಗಿನ ತೋಟಗಳ ನಡುವೆಯೇ ಬಂತು. ಅಮ್ಮಸಂದ್ರದ ಪಕ್ಕದ ದಂಡಿನಶಿವರದಂಥ ಊರುಗಳಿಗೆ ಆ ಕಥೆಯಲ್ಲಿ ಜಾಗವಿಲ್ಲ. ವಲಸೆ ಮತ್ತು ರೋಗದ ಚರಿತ್ರೆಯನ್ನು ಸಂಶೋಧನೆಗೆ ಆರಿಸಿಕೊಂಡ ನನಗೆ ಕಾಡುವುದು ಈ ಗೈರುಹಾಜರಿ.

ಬ್ರಿಟಿಷ್ ಸರ್ಕಾರ 1897ರ ಫೆಬ್ರವರಿಯಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಅನುಮಾನ ಬಂದವರನ್ನು ಬೇರೆ ಇಡುವ ಅಧಿಕಾರ ಕೊಟ್ಟಿತು. ಅನುಮಾನವೆಲ್ಲ ಊರಿಂದೂರಿಗೆ ಹೋಗುವವನ ಮೇಲೆ: ಕೂಲಿಯವನು, ವ್ಯಾಪಾರಿ, ಯಾತ್ರಿಕ. ಹೆಂಗಸರನ್ನು ಪರಪುರುಷರು ಮುಟ್ಟಿ ನೋಡುತ್ತಾರೆಂಬ ಸಿಟ್ಟು ಮುಂಬಯಿ, ಪುಣೆಗಳಲ್ಲಿ ಹೊತ್ತಿಕೊಂಡಿತು. ನಮ್ಮಲ್ಲೇ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1898ರಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ಜನ ದಂಗೆ ಎದ್ದರು.

ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ, ರೋಗ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಪಂಡಿತರು ಒಪ್ಪಲು ಸುಮಾರು ಹತ್ತು ವರ್ಷ ಹಿಡಿಯಿತು. ನಮ್ಮ ಹಳ್ಳಿಯವರಿಗೆ ಚಿಗಟದ ಕಥೆ ಗೊತ್ತಿರಲಿಲ್ಲ, ನಿಜ. ಆದರೆ 'ಇಲಿ ಬಿತ್ತು' ಎಂಬ ಎರಡೇ ಮಾತು ಸಾಕಿತ್ತು. ಊರು ಬಿಟ್ಟು ತೋಟ, ಹೊಲಗಳಲ್ಲಿ ಗರಿ ಹೊದಿಸಿದ ಗುಡಿಸಲು ಹಾಕಿಕೊಂಡು ಕೂರುತ್ತಿದ್ದರು. ಸ್ವಂತ ಊರಿನ ಕಣ್ಣಳತೆಯಲ್ಲೇ ವಲಸಿಗರಾದವರು ಇವರು. ಯಾವ ಸ್ಟೇಷನ್ನಿನ ತಪಾಸಣೆಗಿಂತಲೂ ಇದೇ ಒಳ್ಳೆಯ ವೈದ್ಯ ಎಂದು ನನಗನ್ನಿಸುತ್ತದೆ.

ಬಿಡುವ ಮುಂಚಿನ ದಿನಗಳೇ ಅಪಾಯದವು. ಇಲಿ ಸತ್ತ ಮೇಲೆ ಹಸಿದ ಚಿಗಟ ಹತ್ತಿರವಿದ್ದ ಮೈ ಹುಡುಕುತ್ತದೆ. ಹತ್ತಿರ ಯಾರಿರುತ್ತಾರೆ? ಕಣಜದಿಂದ ರಾಗಿ ತೆಗೆಯುವವಳು, ಬೀಸುವ ಕಲ್ಲಿನ ಮುಂದೆ ಕೂರುವವಳು, ಮೂಲೆ ಗುಡಿಸುವವಳು. ಪಂಜಾಬಿನಲ್ಲಿ ಪ್ಲೇಗಿಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮನೆಯೊಳಗಿನ ಈ ದುಡಿಮೆಯೇ ಅದಕ್ಕೆ ಒಂದು ಕಾರಣವೆಂದು ಹೇಳಲಾಗಿದೆ. ತೆಂಗಿನ ಸೀಮೆಯಲ್ಲಿ ಇನ್ನೊಂದು ಮಾತು ಸೇರಿಸಬೇಕು (ಇದು ನನ್ನ ಊಹೆ). ಇಲ್ಲಿ ಉಂಡೆ ಕೊಬ್ಬರಿಯಾಗಲು ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿರಬೇಕು. ಅಟ್ಟವೆಂದರೆ ಮನೆಯ ಗಂಟು. ಇಲಿಗೂ ಅದು ಒಳ್ಳೆಯ ಜಾಗ. ಅದನ್ನು ಬಿಟ್ಟು ಹೊರಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಅಂಕಿಅಂಶದಲ್ಲಿ ಈ ಹೆಂಗಸರ ಮುಖ ಕಾಣುವುದಿಲ್ಲ. ಕಾಣುವುದು ಎಸ್.ಎಲ್. ಭೈರಪ್ಪನವರಲ್ಲಿ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಅವರು ಎಳೆಯ ವಯಸ್ಸಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡರು. 1970ರ 'ಗೃಹಭಂಗ'ದ ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಸಂಸಾರ ಎಳೆಯುವವಳು. ಅವಳ ಮಕ್ಕಳನ್ನೂ, ಕಡೆಗೆ ಅವಳನ್ನೂ ಒಯ್ಯುವುದು ಇದೇ ರೋಗ. ಅದನ್ನು ಬರೀ ಕಾದಂಬರಿ ಎಂದು ಪಕ್ಕಕ್ಕಿಡಲು ನನ್ನಿಂದಾಗದು. ಮುಂಬಯಿಯಲ್ಲಿ ಹಾಫ್‌ಕಿನ್ ಲಸಿಕೆ ಸಿದ್ಧವಾಗಿದ್ದು 1897ರಲ್ಲಿ. 1898ರಲ್ಲೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಚುಚ್ಚಿಸಿಕೊಂಡಿದ್ದರು. ಭೈರಪ್ಪನವರ ಬಾಲ್ಯವೆಂದರೆ ಅದಾಗಿ ನಾಲ್ಕು ದಶಕಗಳಾಚೆಗಿನ ಮಾತು. ರೋಗ ತಂದ ರೈಲಿನ ಹಾದಿಯಲ್ಲೇ ಸೂಜಿಯೂ ಬರಬಹುದಿತ್ತು. ಸ್ಟೇಷನ್ನಿನಿಂದ ಅಡುಗೆಮನೆಗೆ ಅದು ಎಷ್ಟು ವರ್ಷ ನಡೆಯಿತು ಎಂಬುದೇ ನನ್ನ ಸಂಶೋಧನೆಯ ಪ್ರಶ್ನೆ.

ರೋಗ ಇಳಿದ ಮೇಲೆ ಊರಿಗೆ ಮರಳಬೇಕು. ಹೆಂಚು ಸರಿಸಿ ಬಿಸಿಲು ಬಿಡಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ನೆಲ ಸಾರಿಸಬೇಕು. ಸತ್ತ ಇಲಿ ಇನ್ನೂ ಅಟ್ಟದ ಸಂದಿಯಲ್ಲಿದ್ದರೆ ಗುಡಿಸಿ ಹಾಕಬೇಕಾದವಳು ಮತ್ತೆ ಅವಳೇ.