ಪೊರಕೆಗೆ ಎಷ್ಟನೇ ದರ್ಜೆ?

ಸರ್ಕಾರಿ ಕಚೇರಿಯಲ್ಲಿ ಸಾಹೇಬರಿಗೆ ಕುರ್ಚಿ ಇದೆ, ಗುಮಾಸ್ತರಿಗೆ ಮೇಜಿದೆ, ಜವಾನನಿಗೆ ಒಂದು ಸ್ಟೂಲಾದರೂ ಇದೆ. ಕಕ್ಕಸು ತೊಳೆಯೋಳಿಗೆ ಸ್ಟೂಲೂ ಇಲ್ಲ. ಊರಗೌಡ ಕಾಳು ಪಡೆಯುವಾಗ ದೊಡ್ಡ ಸೇರು, ಕೂಲಿ ಅಳೆಯುವಾಗ ಸಣ್ಣ ಸೇರು ಇಟ್ಟುಕೊಂಡಿದ್ದನ್ನು ನಾವು ಬಲ್ಲೆವು. ಸರ್ಕಾರ ನಮ್ಮ ದುಡಿಮೆಯನ್ನು ಯಾವ ಸೇರಿನಲ್ಲಿ ಅಳೆಯಿತು?

ಬ್ರಿಟಿಷರ ಕಾಲದ ವಿಂಗಡಣೆಯಲ್ಲಿ ಮೇಲೆ ಒಂದನೇ, ಎರಡನೇ ದರ್ಜೆ. ಕೆಳಗೆ ಅಧೀನ ಸೇವೆ. ಎಲ್ಲಕ್ಕೂ ಕೆಳಗೆ ‘ಇನ್‌ಫೀರಿಯರ್’ ಸೇವೆ, ಅಂದರೆ ಕೀಳು ಸೇವೆ. 1947ರಲ್ಲಿ ಮೊದಲನೇ ವೇತನ ಆಯೋಗ ಈ ಹೆಸರು ಬೇಡ ಅಂದಿತು. ಕೀಳು ಸೇವೆ ನಾಲ್ಕನೇ ದರ್ಜೆ ಆಯಿತು. ಕನಿಷ್ಠ ಸಂಬಳ 55 ರೂಪಾಯಿ, ಗರಿಷ್ಠ 2,000. 1973ರ ಮೂರನೇ ಆಯೋಗದ ನಂತರ ದರ್ಜೆ ಹೋಗಿ ಎ, ಬಿ, ಸಿ, ಡಿ ಗುಂಪು ಬಂತು. 2008ರಲ್ಲಿ ಆರನೇ ಆಯೋಗ ‘ಡಿ’ಯನ್ನೇ ತೆಗೆದು ‘ಸಿ’ಗೆ ಸೇರಿಸಿತು. ಹೆಸರು ಮೂರು ಸಲ ಬದಲಾಯಿತು. ಪೊರಕೆ ಹಿಡಿದ ಜಾತಿ ಬದಲಾಯಿತೆ?

ಕೆಲಸದ ಬೆಲೆ ಕಟ್ಟೋರು ನಾಲ್ಕು ಸಂಗತಿ ನೋಡಬೇಕು ಅಂತಾರೆ: ಕೌಶಲ್ಯ, ಹೊಣೆ, ಶ್ರಮ, ಕೆಲಸದ ಪರಿಸ್ಥಿತಿ. ಆದರೆ ದರ್ಜೆ ನಿಂತದ್ದು ಓದು ಮತ್ತು ಅಧಿಕಾರದ ಮೇಲೆ. 2008ರಲ್ಲಿ ಕಟ್ಟಕಡೆಯ ಹುದ್ದೆಗೂ ಮೆಟ್ರಿಕ್ ಅಥವಾ ಐಟಿಐ ಬೇಕೆಂದರು. ನಮ್ಮನ್ನು ಶಾಲೆಯ ಹೊರಗೆ ನಿಲ್ಲಿಸಿದವರೇ ಈಗ ಸರ್ಟಿಫಿಕೇಟು ಕೇಳಿದರು. ಕೊಳಕು, ದುರ್ನಾತ, ವಿಷಗಾಳಿಗೆ ಅಂಕ ಬೀಳಲಿಲ್ಲ.

ನಮ್ಮ ನಗರಸಭೆಗಳ ಕತೆಯೂ ಇದೇ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತ್ತು. ಆಮೇಲಿನ ಸರ್ಕಾರಿ ಲೆಕ್ಕದಲ್ಲಿ ಅದು 700 ಆಯಿತು. ಬೀದಿ ಬೆಳೆಯಿತು, ಕೈ ಬೆಳೆಯಲಿಲ್ಲ. ಅದರ ಮೇಲೆ ಗುತ್ತಿಗೆ ಪದ್ಧತಿ ಬಂತು. ಗುತ್ತಿಗೆಯವಳಿಗೆ ಕೀಳು ದರ್ಜೆಯೂ ಇಲ್ಲ. ಅವಳು ಏಣಿಯಿಂದಲೇ ಹೊರಗೆ. 2017ರಲ್ಲಿ ಸರ್ಕಾರ ನೇರ ಪಾವತಿಗೆ ಇಳಿಯಿತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ ದಿನ ಬೆಂಗಳೂರಿನ 12,000ಕ್ಕೂ ಹೆಚ್ಚು ಮಂದಿಗೆ ಕಾಯಂ ಆದೇಶ ಸಿಕ್ಕಿತು. ಇದು ಯಾರೂ ಹಾಕಿದ ಭಿಕ್ಷೆಯಲ್ಲ.

ಇನ್ನೊಂದು ಲೆಕ್ಕವಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸತ್ತ ಮೇಲೆ ಬೆಲೆ ಕಟ್ಟಲು ಕೋರ್ಟು ಬೇಕಾಯಿತು. ಬದುಕಿದ್ದಾಗ ಆ ಅಪಾಯಕ್ಕೆ ಬೆಲೆ ಕಟ್ಟಬೇಕಾದ ಆಯೋಗಗಳು ಎಲ್ಲಿ ಹೋಗಿದ್ದವು?

ಗೆಳೆಯರೇ, ಮೇಷ್ಟ್ರುಗಳೇ, ದರ್ಜೆಯ ಹೆಸರು ಬದಲಾದಾಗ ಚಪ್ಪಾಳೆ ತಟ್ಟೋದು ಸಾಕು. ಅಳೆಯೋ ಸೇರು ಯಾರ ಕೈಲಿದೆ ಅಂತ ಕೇಳೋಣ. ಮುಂದಿನ ಸಮಿತಿಯ ಮೇಜಿನ ಮುಂದೆ ಚರಂಡಿಗೆ ಇಳಿದವನೂ ಕುರ್ಚಿ ಎಳೆದುಕೊಂಡು ಕೂರಲಿ.