ಹೆತ್ತವರ ಒಪ್ಪಿಗೆ: ಅಂದು ಮತ್ತು ಇಂದು

ಮಕ್ಕಳ ವಿಷಯದಲ್ಲಿ ಸರ್ಕಾರದ ಕಾನೂನು ಮನೆಯ ಹೊಸಿಲು ದಾಟಬಹುದೇ? ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1894ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನವು ಬಾಲ್ಯವಿವಾಹ ತಡೆ ಶಾಸನವನ್ನು ಹೊರಡಿಸಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಬಾಲೆಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಮಂಡ್ಯ, ಮದ್ದೂರು, ಮಳವಳ್ಳಿಗಳೂ ಅಂದು ಅದೇ ಸಂಸ್ಥಾನದ ಊರುಗಳು. ಹೆತ್ತವರು ಒಪ್ಪಿದ ಮಾತ್ರಕ್ಕೆ ಎಲ್ಲವೂ ಸರಿಯಾಗದು ಎಂದು ಅಂದಿನ ಕಾನೂನು ಹೇಳಿತು.

ಇಂದಿನ ಕಾನೂನಿನ ಮಾತು ಬೇರೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 9ನೆಯ ವಿಧಿಯಂತೆ, ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಸಾಮಾಜಿಕ ಜಾಲತಾಣಗಳೂ ಸೇರಿದಂತೆ ಸಂಸ್ಥೆಗಳು ಹೆತ್ತವರ ಅಥವಾ ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಂಡು ಪಡೆಯಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಯ ವಿಧಿಯನ್ನು ಪಾಲಿಸಲು ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು.

ಈ ಕಾಯಿದೆಯ ಹಿಂದೆ ಕನ್ನಡ ನಾಡಿನವರೊಬ್ಬರ ಹೋರಾಟವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಒಂದು ತೊಡಕು ಉಳಿಯಿತು. ಮಗು ಯಾರು, ತಾಯಿ ಯಾರು ಎಂದು ತಿಳಿಯಲು ಗುರುತನ್ನೇ ಕೇಳಬೇಕು. ಖಾಸಗಿತನವನ್ನು ಕಾಯಬೇಕಾದ ಕಾನೂನು ಅದಕ್ಕಾಗಿಯೇ ಇನ್ನಷ್ಟು ಮಾಹಿತಿಯನ್ನು ಬೇಡುತ್ತದೆ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಸಂಸ್ಥೆಯ ಮೇಲ್ಮನವಿಯನ್ನು ಆಲಿಸುತ್ತ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು, ಶಾಲಾ ಮಕ್ಕಳು ಜಾಲತಾಣಗಳಿಗೆ ದಾಸರಾಗಿದ್ದಾರೆ, ಮದ್ಯಕ್ಕಿರುವಂತೆ ಇದಕ್ಕೂ ವಯೋಮಿತಿ ಬೇಕು ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತು. ಹದಿಮೂರು ತುಂಬದವರಿಗೆ ಜಾಲತಾಣವನ್ನು ನಿಷೇಧಿಸಬೇಕೆಂಬ ಅರ್ಜಿಯು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಅದು ನೀತಿಗೆ ಸಂಬಂಧಿಸಿದ್ದು, ಸರ್ಕಾರವನ್ನು ಕೇಳಿ ಎಂದು ಪೀಠವು ಹಿಂದಕ್ಕೆ ಕಳುಹಿಸಿತು.

ಅಮೆರಿಕದಲ್ಲಿ ಇಂತಹ ಕಾನೂನುಗಳು ನೇರವಾಗಿ ಕಟಕಟೆಯನ್ನು ಏರಿದವು. ಹೆತ್ತವರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ ಅರ್ಕಾನ್ಸಾಸ್ ಮತ್ತು ಒಹಾಯೋ ರಾಜ್ಯಗಳ ಕಾನೂನುಗಳನ್ನು 2025ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯಗಳು ತಡೆದವು. ಮಕ್ಕಳಿಗೂ ವಾಕ್‌ಸ್ವಾತಂತ್ರ್ಯವಿದೆ ಎಂಬುದು ಮುಖ್ಯ ಕಾರಣ. ಅದೇ ವರ್ಷದ ಆಗಸ್ಟಿನಲ್ಲಿ ಮಿಸಿಸಿಪ್ಪಿಯ ಕಾನೂನನ್ನು ವಿಚಾರಣೆ ಮುಗಿಯುವವರೆಗೆ ಜಾರಿಯಲ್ಲಿಡಲು ಅಲ್ಲಿನ ಸುಪ್ರೀಂ ಕೋರ್ಟ್ ಬಿಟ್ಟಿತು. ಆದರೆ ಅದು ಸಂವಿಧಾನಕ್ಕೆ ವಿರುದ್ಧವಾಗಿರುವ ಸಂಭವವೇ ಹೆಚ್ಚೆಂದು ಒಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆದರು.

ಕಾನೂನು ನಿಲ್ಲಲಿ, ಬೀಳಲಿ, ಕೊನೆಗೆ ಪ್ರಶ್ನೆ ಬಂದು ನಿಲ್ಲುವುದು ನಮ್ಮ ಜಗುಲಿಯ ಮೇಲೆ. ನಸುಕಿನಲ್ಲೇ ಮದ್ದೂರಿನ ಗಾರ್ಮೆಂಟ್ಸ್‌ಗೆ ಹೊರಡುವ ತಾಯಿ, ಮಳವಳ್ಳಿಯ ಕಬ್ಬಿನ ಗದ್ದೆಗೆ ನೀರು ಕಟ್ಟುವ ತಂದೆ, ಇವರ ಒಪ್ಪಿಗೆಯನ್ನು ಜಾಲತಾಣ ಕೇಳುವುದು ಫೋನಿನ ಪರದೆಯಲ್ಲಿ. ಮನೆಗಳಿಗೆ ಭೇಟಿಯಿತ್ತಾಗ ನಾನು ಕಂಡಂತೆ, ಆ ಪರದೆಯನ್ನು ಓದಿ ಹೇಳುವವನು ಮಗನೇ. "ಏನೂ ಇಲ್ಲ ಅವ್ವ, ಇಲ್ಲಿ ಒತ್ತು" ಎನ್ನುತ್ತಾನೆ, ಅವ್ವ ಒತ್ತುತ್ತಾಳೆ. ಒಪ್ಪಿಗೆ ದಾಖಲಾಯಿತು, ಆದರೆ ಆಕೆ ಒಪ್ಪಿದ್ದು ಯಾವುದಕ್ಕೆ?

1894ರ ಶಾಸನ ಹೆತ್ತವರಿಂದ ಒಂದು ಅಧಿಕಾರವನ್ನು ಕಿತ್ತುಕೊಂಡಿತು. ಇಂದಿನದು ಒಂದು ಅಧಿಕಾರವನ್ನು ಅವರ ಕೈಗೆ ಕೊಡುತ್ತಿದೆ. ಒತ್ತುವ ಮುನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದರಲ್ಲಿ ಏನಿದೆ, ನನಗೂ ತೋರಿಸಪ್ಪ" ಎಂದು ಕೇಳುವ ತಾಯಿಯೇ ಆ ಅಧಿಕಾರವನ್ನು ನಿಜವಾಗಿ ಚಲಾಯಿಸಿದವಳು.