ಓತಿಕ್ಯಾತಕ್ಕೂ ಒಂದು ಪಟ

ಪ್ರಾಣಿಗಳ ಛಾಯಾಚಿತ್ರ ಎಂದೊಡನೆ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಹುಲಿ, ಆನೆಗಳಿಗೆ ಹೆಸರಾದ ಸೀಮೆ ಇದಲ್ಲ. ಇಲ್ಲಿರುವುದು ಬೋಳು ಬಂಡೆ, ಕುರುಚಲು, ಕೆರೆ, ಹಿಪ್ಪುನೇರಳೆ ತೋಟ. ಆದರೂ ಸುಮ್ಮನೆ ಅಲೆದು ಕಣ್ಣಿಗೆ ಬಿದ್ದ ಜೀವಿಯನ್ನು ಪಟಕ್ಕಿಳಿಸುವ ಹವ್ಯಾಸವನ್ನು ಕಾಡಿನ ಛಾಯಾಗ್ರಹಣಕ್ಕಿಂತ ಕೀಳೆಂದು ಎಣಿಸಲು ನನಗೆ ಕಾರಣ ಕಾಣುವುದಿಲ್ಲ. ಬ್ರಿಟಿಷರ ಕಾಲದಲ್ಲಿ ದೊಡ್ಡ ಪ್ರಾಣಿಗಳು ಪಟಕ್ಕೆ ಬಂದದ್ದು ಹೆಚ್ಚಾಗಿ ಸತ್ತ ಮೇಲೆ, ಬೇಟೆಗಾರನ ಕಾಲಬುಡದಲ್ಲಿ. ಬದುಕಿರುವ ಹಕ್ಕಿಯ ಮುಂದೆ ತಾಳ್ಮೆಯಿಂದ ಕೂರುವ ಪರಿಪಾಠವನ್ನು ಪಕ್ಕದ ಬೆಂಗಳೂರಿನಲ್ಲಿ ಬೆಳೆಸಿದವರು ಓ.ಸಿ. ಎಡ್ವರ್ಡ್ಸ್, ಅವರ ಬಳಿ ಕಲಿತ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು. ಆಗ ಒಂದು ರೀಲಿಗೆ 12 ಅಥವಾ 36 ಪಟ, ಮೇಲೆ ತೊಳೆಸುವ ಖರ್ಚು. ಓತಿಕ್ಯಾತಕ್ಕೋ ಗೊರವಂಕಕ್ಕೋ ರೀಲು ಸುರಿಯುವುದು ದುಂದೆನಿಸಿದ್ದರೆ ಆಶ್ಚರ್ಯವಿಲ್ಲ. ಅಂದರೆ ಯಾವ ಜೀವಿ ಪಟಕ್ಕೆ ಯೋಗ್ಯ ಎಂಬ ತೀರ್ಮಾನದಲ್ಲಿ ಜೇಬಿನ ಪಾಲೂ ಇತ್ತು. ಡಿಜಿಟಲ್ ಕ್ಯಾಮೆರಾ ಆ ಲೆಕ್ಕವನ್ನು ಅಳಿಸಿದರೂ ಹಳೆಯ ಮೇಲು-ಕೀಳು ಹಾಗೇ ಉಳಿದಿದೆ.

ನಂದಿಬೆಟ್ಟವನ್ನೇ ನೋಡಿ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಷ್ಟೇ ಇರುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ದೂರದಿಂದ ಬರುವವರಿದ್ದಾರೆ. ಅದೇ ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತಕ್ಕೆ ಗಿರಾಕಿಗಳು ಕಡಿಮೆ. ಬೆದೆಗಾಲದಲ್ಲಿ ಗಂಡಿನ ಮಾಸಲು ಬೆನ್ನು ಕೆಂಪೇರುತ್ತದೆ, ಪಕ್ಕೆ ಕಪ್ಪಾಗುತ್ತದೆ. ಎದುರಾಳಿ ಕಂಡರೆ ನೋಡನೋಡುತ್ತಿದ್ದಂತೆ ಬಣ್ಣ ಬದಲಾಗುತ್ತದೆ. ನಗರದಲ್ಲಿ ಬದುಕುವ ಈ ಓತಿಗಳ ಬಣ್ಣ ಹಳ್ಳಿಗಾಡಿನವಕ್ಕಿಂತ ಮಂಕು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಬೆಂಗಳೂರು ದೇವನಹಳ್ಳಿಯನ್ನು ದಾಟಿ ಬರುತ್ತಿರುವ ಈ ಹೊತ್ತಿನಲ್ಲಿ ಚಿಂತಾಮಣಿ ತಾಲ್ಲೂಕಿನ ಕೈವಾರದ ಬಂಡೆಯ ಮೇಲಿನ ಓತಿಯ ಇಂದಿನ ಪಟ ಮುಂದೆ ಹೋಲಿಕೆಗೆ ಒದಗುವ ದಾಖಲೆ. ಖುಷಿಯ ಮಾತೂ ಇದೆ. ಹುಲಿ ಕಾಣದ ಸಫಾರಿಯಿಂದ ಜನ ಸಪ್ಪೆ ಮುಖ ಹಾಕಿಕೊಂಡು ಮರಳುತ್ತಾರೆ. ಇಂಥದ್ದೇ ಬೇಕೆಂದು ಹಟವಿಲ್ಲದೆ ಕೆರೆ ಏರಿಯ ಮೇಲೆ ನಡೆದವರಿಗೆ ಆ ನಿರಾಸೆಯ ಪ್ರಶ್ನೆಯೇ ಇಲ್ಲ.

ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಇಂಥ ಪಟಗಳು ರಾಶಿ ಬೀಳುತ್ತವೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನುವವರಿದ್ದಾರೆ. ಕಲೆಯ ದೃಷ್ಟಿಯಿಂದ ಒಪ್ಪೋಣ. ಆದರೆ ದಾಖಲೆಗೆ ರಾಶಿಯೇ ಬಲ, ತೆಗೆದ ದಿನ ಮತ್ತು ಜಾಗ ಗೊತ್ತಿದ್ದರೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಪಟದ ಆಸೆಗೆ ಗೂಡಿನ ಸುತ್ತಲ ರೆಂಬೆ ಸರಿಸಿ, ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡುವವರಿದ್ದಾರೆ. ಇದಕ್ಕೆ ಸಮರ್ಥನೆಯೇ ಇಲ್ಲ. ಗೂಡಿನ ಪಟ ಬೇಡ, ಅಷ್ಟೆ. ಮಿಕ್ಕ ಅಲೆದಾಟಕ್ಕೆ ಆ ತಪ್ಪನ್ನು ಅಂಟಿಸಬೇಕಿಲ್ಲ.

ದಾಖಲೆಯ ಬೆಲೆ ತಿಳಿಯುವುದು ಕಳೆದುಕೊಂಡ ಮೇಲೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಪುರಾತನ ಅಶ್ವತ್ಥ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳು ಉಳಿದಿವೆ, ಮರವನ್ನು ನೋಡಬೇಕೆಂದರೆ ಹಳೆಯ ಪಟಗಳೇ ಗತಿ. ಹರಕೆಗೆ ಹೋಗಿದ್ದವರ ಮನೆಯ ಆಲ್ಬಮ್ಮಿನಲ್ಲಿ, ಸಾಲಾಗಿ ನಿಂತ ನೆಂಟರ ಹಿಂದೆ ಅದರ ಬೊಡ್ಡೆಯೋ ಕೊಂಬೆಯೋ ಇದ್ದೀತು. ನಿಮ್ಮಲ್ಲಿ ಅಂಥದ್ದಿದ್ದರೆ ಹುಡುಕಿ ತೆಗೆಯಿರಿ. ಹಿರಿಯರನ್ನು ಕೇಳಿ ವರ್ಷವನ್ನು ಪಟದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ.